ಭಾನುವಾರ ಶಾಲೆಯಲ್ಲಿ ಕನ್ನಡ ಅಕ್ಷರ ಕಲಿಸಿದರೆ ಅದು ದಾರಿ ತಪ್ಪಿದಂತೆಯೇ?

ಉಡುಪಿಯ ಶಿಕ್ಷಕಿ

ಎಲ್ಲರಿಗೂ ವಂದನೆಗಳು. ಉಡುಪಿ ಸಮೀಪದ ಒಂದು ಸಿಎಸ್‌ಐ (ದಕ್ಷಿಣ ಭಾರತ ಸಭೆ ಎಂಬ ಪ್ರೊಟೆಸ್ಟಂಟ್ ಚರ್ಚು) ಸಭೆಯಲ್ಲಿ ನಾನು 11 ವರ್ಷಗಳಿಂದ ಭಾನುವಾರ ಶಾಲೆಯ ಶಿಕ್ಷಕಿಯಾಗಿದ್ದೇನೆ. ನಮ್ಮಲ್ಲಿ ಈಗ 23 ಮಕ್ಕಳಿದ್ದಾರೆ. ಅವರಲ್ಲಿ ನಾಲ್ವರನ್ನು ಬಿಟ್ಟರೆ ಉಳಿದವರೆಲ್ಲರೂ ಇಂಗ್ಲಿಷ್ ಮಾಧ್ಯಮದ ಶಾಲೆಗಳಿಗೆ ಹೋಗುವವರು. ಮನೆಯಲ್ಲಿ ಹೆಚ್ಚಿನವರ ಮಾತು ತುಳು. ಆರಾಧನೆ ನಡೆಯುವುದು ಕನ್ನಡದಲ್ಲಿ, ನಡುನಡುವೆ ಒಂದೆರಡು ತುಳು ಹಾಡುಗಳಿರುತ್ತವೆ.

ಕಳೆದ ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ಲೂಕನ ಸುವಾರ್ತೆಯ ಎರಡನೇ ಅಧ್ಯಾಯವನ್ನು ಓದುವ ಕೆಲಸವನ್ನು ಆರನೇ ತರಗತಿಯ ಹುಡುಗಿಯೊಬ್ಬಳಿಗೆ ಕೊಟ್ಟಿದ್ದೆ. ಅವಳು ತಡವರಿಸದೆ ಓದಿದಳು, ಸಭೆಯ ಹಿರಿಯರು ಮೆಚ್ಚಿಕೊಂಡರು. ಕಾರ್ಯಕ್ರಮ ಮುಗಿದ ಮೇಲೆ ಬೈಬಲನ್ನು ಮುಚ್ಚಿಡಲು ಹೋದಾಗ ಅದರೊಳಗೆ ಒಂದು ಚೀಟಿ ಸಿಕ್ಕಿತು. ಇಡೀ ಭಾಗವನ್ನು ಅವಳ ತಾಯಿ ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಟ್ಟಿದ್ದರು. ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಪರೀಕ್ಷಿಸಿ ನೋಡಿದೆ. ಶಾಲೆಯಲ್ಲಿ ಕನ್ನಡ ಒಂದು ವಿಷಯವಾಗಿ ಇದ್ದರೂ, ಬೈಬಲ್ಲಿನ ಉದ್ದದ ವಾಕ್ಯಗಳ ಮುಂದೆ, ಅದರಲ್ಲೂ ಒತ್ತಕ್ಷರಗಳು ಬಂದಲ್ಲಿ, ಹೆಚ್ಚಿನ ಮಕ್ಕಳು ನಿಂತುಬಿಡುತ್ತಾರೆ.

ನಮ್ಮ ಸಮಿತಿಯಲ್ಲಿ ಈಗ ಎರಡು ಅಭಿಪ್ರಾಯಗಳಿವೆ. ಭಾನುವಾರ ಶಾಲೆಯನ್ನು ಇಂಗ್ಲಿಷಿಗೆ ಬದಲಾಯಿಸಿಬಿಡೋಣ, ಮಕ್ಕಳಿಗೆ ಅರ್ಥವಾಗುವುದೇ ಮುಖ್ಯ ಎನ್ನುವವರು ಕೆಲವರು. ನಾನು ಮುಂದಿಟ್ಟ ಸಲಹೆ ಬೇರೆ. ಇರುವ ಒಂದು ಗಂಟೆಯಲ್ಲಿ 15 ನಿಮಿಷಗಳನ್ನು ಕನ್ನಡ ಓದು ಕಲಿಸಲು ಮೀಸಲಿಡೋಣ ಎಂದೆ. ಅದಕ್ಕೆ ಹಿರಿಯ ಸದಸ್ಯರೊಬ್ಬರು, ‘ಭಾನುವಾರ ಶಾಲೆ ಇರುವುದು ವಿಶ್ವಾಸವನ್ನು ಕಲಿಸಲು. ಅಕ್ಷರ ಕಲಿಸಲು ಬೇರೆ ಶಾಲೆಗಳಿವೆ, ನೀವು ಅದನ್ನು ಟ್ಯೂಷನ್ ಕ್ಲಾಸ್ ಮಾಡಬೇಡಿ’ ಎಂದರು. ಆ ಮಾತು ನನ್ನ ಮನಸ್ಸಿನಲ್ಲಿ ಕುಳಿತಿದೆ, ಏಕೆಂದರೆ ಅದು ತಪ್ಪೆಂದು ಹೇಳಲು ನನ್ನಲ್ಲಿ ಉತ್ತರವಿರಲಿಲ್ಲ.

ಆದ್ದರಿಂದ ಇತಿಹಾಸ ಬಲ್ಲವರಲ್ಲಿ ನನ್ನ ಪ್ರಶ್ನೆ. ಭಾನುವಾರ ಶಾಲೆಗಳು ಹುಟ್ಟಿದ್ದು ಯಾವ ಕೆಲಸಕ್ಕಾಗಿ? ಅಕ್ಷರ ಕಲಿಸುವುದು ಅವುಗಳ ಮೂಲ ಉದ್ದೇಶದಿಂದ ದೂರ ಸರಿದಂತೆ ಆಗುತ್ತದೆಯೇ? ನಮ್ಮ ಕರಾವಳಿಯಲ್ಲಿ ಇದು ಹೇಗೆ ನಡೆದು ಬಂತು ಎಂಬುದನ್ನೂ ತಿಳಿದವರು ಬರೆದರೆ ಸಮಿತಿಯ ಮುಂದೆ ಇಡಲು ಅನುಕೂಲವಾಗುತ್ತದೆ.

ಬಲ್ಮಠದ ಓದುಗ

ಸಹೋದರಿಯವರೇ, ನಿಮ್ಮ ಹಿರಿಯ ಸದಸ್ಯರು ಹೇಳಿದ್ದು ಇಂದಿನ ರೂಢಿಯ ಮಟ್ಟಿಗೆ ಸರಿ. ಆದರೆ ಮೂಲ ಉದ್ದೇಶದ ಪ್ರಶ್ನೆಯೆತ್ತಿದರೆ ಇತಿಹಾಸ ನಿಮ್ಮ ಪಕ್ಕದಲ್ಲಿ ನಿಲ್ಲುತ್ತದೆ.

ಭಾನುವಾರ ಶಾಲೆಯ ಚಳವಳಿಯೊಂದಿಗೆ ಮುಖ್ಯವಾಗಿ ಸೇರಿಕೊಂಡ ಹೆಸರು ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದ ರಾಬರ್ಟ್ ರೇಕ್ಸ್ ಅವರದು. ಅವರು ಪಾದ್ರಿಯಲ್ಲ, ಗ್ಲಾಸ್ಟರ್ ಜರ್ನಲ್ ಎಂಬ ಪತ್ರಿಕೆಯನ್ನು ತಂದೆಯಿಂದ ಪಡೆದು ನಡೆಸುತ್ತಿದ್ದ ಪತ್ರಕರ್ತರು. ಆ ಪಟ್ಟಣದಲ್ಲಿ ಗುಂಡುಸೂಜಿ ತಯಾರಿಸುವ ಕಾರ್ಖಾನೆಗಳಿದ್ದವು, ಮಕ್ಕಳು ವಾರದ ಆರು ದಿನವೂ ಅಲ್ಲಿ ದುಡಿಯುತ್ತಿದ್ದರು. ಅವರಿಗೆ ಬಿಡುವಿದ್ದ ಒಂದೇ ದಿನ ಆದಿತ್ಯವಾರ, ಆ ದಿನವನ್ನು ಅವರು ಬೀದಿಯಲ್ಲಿ ಕಳೆಯುತ್ತಿದ್ದರು. ಸೆರೆಮನೆಗಳ ಸುಧಾರಣೆಗಾಗಿ ಬಹುಕಾಲ ದುಡಿದಿದ್ದ ರೇಕ್ಸ್ ಅವರಿಗೆ, ಈ ಮಕ್ಕಳನ್ನು ಈಗಲೇ ತಿದ್ದದಿದ್ದರೆ ಮುಂದೆ ಸೆರೆಮನೆಯಲ್ಲಿಯೇ ಕಾಣಬೇಕಾಗುತ್ತದೆ ಎಂಬುದು ಮನವರಿಕೆಯಾಗಿತ್ತು. 1780ರಲ್ಲಿ, ಥಾಮಸ್ ಸ್ಟಾಕ್ ಎಂಬ ಸ್ಥಳೀಯ ಪಾದ್ರಿಯ ಜೊತೆಗೂಡಿ, ಓದು ಬಲ್ಲ ಮಹಿಳೆಯರಿಗೆ ದಿನಕ್ಕೆ ಒಂದು ಶಿಲ್ಲಿಂಗ್ ಸಂಬಳ ಕೊಟ್ಟು ಅವರ ಮನೆಗಳಲ್ಲಿಯೇ ಶಾಲೆಗಳನ್ನು ಆರಂಭಿಸಿದರು. ಇದಕ್ಕೂ ಮೊದಲು, 1769ರಲ್ಲಿಯೇ, ಹೈ ವಿಕಂಬ್ ಎಂಬಲ್ಲಿ ಹ್ಯಾನಾ ಬಾಲ್ ಎಂಬ ಮೆಥಡಿಸ್ಟ್ ಮಹಿಳೆ ಇಂಥದೇ ಶಾಲೆಯನ್ನು ನಡೆಸುತ್ತಿದ್ದರು. ಆದರೆ ರೇಕ್ಸ್ ಕೈಯಲ್ಲಿ ಪತ್ರಿಕೆ ಇತ್ತು. 1783ರಲ್ಲಿ ಅವರು ತಮ್ಮ ಪತ್ರಿಕೆಯಲ್ಲಿ ಈ ಪ್ರಯೋಗದ ವಿಷಯ ಬರೆದ ಮೇಲೆ ಅದು ದೇಶವೆಲ್ಲ ಹಬ್ಬಿತು.

ನಿಮಗೆ ಬೇಕಾದ ವಿವರವೆಂದರೆ ಆ ಶಾಲೆಯ ದಿನಚರಿ. ಮಕ್ಕಳು ಬೆಳಿಗ್ಗೆ 10 ಗಂಟೆಯ ಹೊತ್ತಿಗೆ ಬಂದು 12ರ ತನಕ ಇರುತ್ತಿದ್ದರು. ಊಟಕ್ಕೆ ಮನೆಗೆ ಹೋಗಿ ಒಂದು ಗಂಟೆಗೆ ಮರಳಿ ಬಂದು, ಓದಿನ ಪಾಠವನ್ನು ಮುಗಿಸಿ, ಆಮೇಲೆ ಸಾಲಾಗಿ ದೇವಾಲಯಕ್ಕೆ ಹೋಗುತ್ತಿದ್ದರು. ಅಲ್ಲಿಂದ ಬಂದ ಮೇಲೆ ಸಂಜೆ ಐದೂವರೆಯ ತನಕ ಪ್ರಶ್ನೋತ್ತರ ಪಾಠ ನಡೆಯುತ್ತಿತ್ತು. ಅಂದರೆ ಓದು ಮತ್ತು ವಿಶ್ವಾಸ ಎಂಬ ಎರಡು ವಿಷಯಗಳು ಒಂದೇ ದಿನದ ಒಂದೇ ಬೆಂಚಿನ ಮೇಲೆ ಕುಳಿತಿದ್ದವು. ಬೈಬಲನ್ನು ಓದಬೇಕಾದರೆ ಅಕ್ಷರ ಬರಬೇಕು, ಅಕ್ಷರ ಕಲಿಯಲು ಬೇರೆ ದಿನವಿರಲಿಲ್ಲ. ಶಾಲೆಗೆ ಬರುವ ಮಕ್ಕಳಿಂದ ರೇಕ್ಸ್ ನಿರೀಕ್ಷಿಸಿದ್ದು ತೊಳೆದ ಕೈ, ತೊಳೆದ ಮುಖ, ಬಾಚಿದ ತಲೆ, ಇಷ್ಟನ್ನು ಮಾತ್ರ. ಹಾಕಿಕೊಳ್ಳಲು ಒಳ್ಳೆಯ ಬಟ್ಟೆಯಿಲ್ಲವೆಂದು ನಾಚಿ ದೂರ ನಿಂತ ಮಕ್ಕಳಿಗೂ ಅವರು ಇದನ್ನೇ ಹೇಳಿದರು. ಆ ಒಂದು ನಿಯಮವೇ ನನಗೆ ಅವರ ಮೇಲೆ ಗೌರವ ಹುಟ್ಟಿಸುತ್ತದೆ.

1785ರಲ್ಲಿ ವಿಲಿಯಂ ಫಾಕ್ಸ್ ಎಂಬ ವರ್ತಕರು ಲಂಡನ್ನಿನಲ್ಲಿ ಇಂಥ ಶಾಲೆಗಳಿಗೆ ನೆರವಾಗುವ ಸಂಘವೊಂದನ್ನು ಕಟ್ಟಿದರು. ಅದು ಹಂಚಿದ್ದು ಬೈಬಲುಗಳನ್ನು ಮಾತ್ರವಲ್ಲ, ಕಾಗುಣಿತದ ಪುಸ್ತಕಗಳನ್ನೂ ಹಂಚಿತು. ಮುಂದೆ 1803ರಲ್ಲಿ ಭಾನುವಾರ ಶಾಲೆಗಳ ಒಕ್ಕೂಟವೇ ಸ್ಥಾಪನೆಯಾಯಿತು. ಸ್ಟಾಕ್‌ಪೋರ್ಟ್ ಎಂಬ ಹತ್ತಿಗಿರಣಿಗಳ ಊರಿನಲ್ಲಿ ಒಂದೇ ಭಾನುವಾರ ಶಾಲೆಗೆ ಸಾವಿರಾರು ಮಕ್ಕಳು ಬರುತ್ತಿದ್ದರು.

ನಿಮ್ಮ ಸಮಿತಿಯಲ್ಲಿ ಎದ್ದಿರುವ ಚರ್ಚೆ ಅಲ್ಲಿಯೂ ಎದ್ದಿತ್ತು, ಆದರೆ ಅದು ಬರವಣಿಗೆಯ ಕುರಿತಾಗಿತ್ತು. ಓದು ಬೈಬಲಿಗೆ ಬೇಕು, ಆದ್ದರಿಂದ ಅದನ್ನು ಕರ್ತನ ದಿನದಲ್ಲಿ ಕಲಿಸಬಹುದು. ಬರವಣಿಗೆ ಲೌಕಿಕ ಕೆಲಸ, ಅದರಿಂದ ವಿಶ್ರಾಂತಿ ದಿನದ ಆಜ್ಞೆ ಮುರಿದಂತಾಗುತ್ತದೆ ಎಂದು ಹಲವರು ವಾದಿಸಿದರು. ಇಂಗ್ಲೆಂಡಿನ ಮೆಥಡಿಸ್ಟರಲ್ಲಿ ಈ ವಿಷಯವಾಗಿ ದೊಡ್ಡ ಜಗಳವೇ ನಡೆಯಿತು. ಮೆಂಡಿಪ್ ಬೆಟ್ಟದ ಹಳ್ಳಿಗಳಲ್ಲಿ ಬಡ ಮಕ್ಕಳಿಗಾಗಿ ಶಾಲೆ ತೆರೆದ ಹ್ಯಾನಾ ಮೋರ್ ಓದು ಕಲಿಸಿದರೇ ಹೊರತು ಬರವಣಿಗೆಯನ್ನು ಕಲಿಸಲಿಲ್ಲ. ಬಡವರು ತಮ್ಮ ಸ್ಥಾನದಲ್ಲಿಯೇ ಇರಬೇಕೆಂಬ ಎಣಿಕೆಯೂ ಅದರ ಹಿಂದೆ ಇತ್ತೆಂಬುದನ್ನು ನಾವು ಮುಚ್ಚಿಡಬಾರದು. ಭಾನುವಾರ ಶಾಲೆಗಳು ದುಡಿಯುವ ವರ್ಗವನ್ನು ಮೇಲೆತ್ತಿದವೋ ಹದ್ದುಬಸ್ತಿನಲ್ಲಿಟ್ಟವೋ ಎಂಬುದು ಇಂಗ್ಲೆಂಡಿನ ಇತಿಹಾಸಕಾರರ ನಡುವೆ ಇನ್ನೂ ಮುಗಿಯದ ವಾದ.

ಅಕ್ಷರದ ಹೊರೆ ಭಾನುವಾರ ಶಾಲೆಯ ಹೆಗಲಿನಿಂದ ಇಳಿದದ್ದು ಕಾನೂನಿನ ಕಾರಣದಿಂದ. 1833ರ ಕಾರ್ಖಾನೆ ಕಾಯಿದೆ ಬಟ್ಟೆಗಿರಣಿಗಳಲ್ಲಿ 9 ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿತು, 1870ರ ಶಿಕ್ಷಣ ಕಾಯಿದೆ ಊರೂರಿಗೆ ಪ್ರಾಥಮಿಕ ಶಾಲೆಯನ್ನು ತಂದಿತು. ವಾರದ ದಿನಗಳಲ್ಲಿಯೇ ಓದು ಬರತೊಡಗಿದ ಮೇಲೆ ಭಾನುವಾರಕ್ಕೆ ಬೈಬಲ್ ಪಾಠ ಮಾತ್ರ ಉಳಿಯಿತು. 1872ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಏಕರೂಪದ ಪಾಠಮಾಲೆ, ಎಲ್ಲ ಕಡೆಯ ಮಕ್ಕಳೂ ಒಂದೇ ಆದಿತ್ಯವಾರ ಒಂದೇ ವಾಕ್ಯಭಾಗವನ್ನು ಕಲಿಯುವ ಪದ್ಧತಿಯನ್ನು ಬಳಕೆಗೆ ತಂದಿತು. 1876ರಲ್ಲಿ ಅಲಹಾಬಾದಿನಲ್ಲಿ ಭಾರತದ ಭಾನುವಾರ ಶಾಲಾ ಒಕ್ಕೂಟ ಆರಂಭವಾಗುವ ಹೊತ್ತಿಗೆ ಈ ಹೊಸ ರೂಪವೇ ಎದ್ದು ಕಾಣುತ್ತಿತ್ತು. ನಿಮ್ಮ ಹಿರಿಯರು ಹೇಳುತ್ತಿರುವುದು ಈ ಎರಡನೆಯ ರೂಪದ ಭಾನುವಾರ ಶಾಲೆಯನ್ನು.

ಆದರೆ ನಿಮ್ಮ ಪ್ರಶ್ನೆಗೆ ಎಲ್ಲಕ್ಕಿಂತ ಹತ್ತಿರದ ಉದಾಹರಣೆ ಇಂಗ್ಲೆಂಡಿನದಲ್ಲ, ಅದರ ಪಕ್ಕದ ವೇಲ್ಸ್ ನಾಡಿನದು. ಅಲ್ಲಿನ ಜನರ ಭಾಷೆ ವೆಲ್ಷ್, ವಾರದ ಶಾಲೆಗಳಲ್ಲಿ ನಡೆಯುತ್ತಿದ್ದುದು ಇಂಗ್ಲಿಷ್. ವೆಲ್ಷ್ ಮಾತನಾಡಿದ ಮಗುವಿನ ಕೊರಳಿಗೆ ಮರದ ತುಂಡನ್ನು ತೂಗುಹಾಕುವ ಶಾಲೆಗಳೂ ಇದ್ದವು. ಬಾಲಾ ಎಂಬ ಊರಿನ ಥಾಮಸ್ ಚಾರ್ಲ್ಸ್ ಎಂಬ ಪಾದ್ರಿ 18ನೇ ಶತಮಾನದ ಕೊನೆಯಲ್ಲಿ ಹಬ್ಬಿಸಿದ ಭಾನುವಾರ ಶಾಲೆಗಳಲ್ಲಿ ಮಾತ್ರ ಜನ ವೆಲ್ಷ್ ಓದಲು ಕಲಿತರು. ಮಕ್ಕಳು ಮಾತ್ರವಲ್ಲ, ವಯಸ್ಕರೂ ಬಂದು ಕುಳಿತು ಕಲಿತರು. ವೆಲ್ಷ್ ಭಾಷೆ ಬರೀ ಮನೆಮಾತಾಗದೆ ಓದಿನ ಭಾಷೆಯಾಗಿ ಉಳಿದದ್ದರಲ್ಲಿ ಆ ಶಾಲೆಗಳ ಪಾಲು ಬಹಳ ದೊಡ್ಡದು. 1800ರಲ್ಲಿ ಮೇರಿ ಜೋನ್ಸ್ ಎಂಬ ಹದಿಹರೆಯದ ಹುಡುಗಿ ವೆಲ್ಷ್ ಬೈಬಲೊಂದನ್ನು ಕೊಳ್ಳಲು ಸುಮಾರು 25 ಮೈಲಿ ನಡೆದು ಹೋದದ್ದು ಇದೇ ಚಾರ್ಲ್ಸ್ ಅವರ ಮನೆಗೆ. 1804ರಲ್ಲಿ ಬ್ರಿಟಿಷ್ ಮತ್ತು ವಿದೇಶಿ ಬೈಬಲ್ ಸಂಘ ಹುಟ್ಟುವುದಕ್ಕೆ ವೆಲ್ಷ್ ಬೈಬಲುಗಳ ಅಭಾವವೂ ಒಂದು ಕಾರಣವಾಯಿತು. ಶಾಲೆಯ ಭಾಷೆ ಒಂದು, ದೇವರ ವಾಕ್ಯದ ಭಾಷೆ ಇನ್ನೊಂದು ಆಗಿರುವ ಊರಿನಲ್ಲಿ ಭಾನುವಾರ ಶಾಲೆ ಏನು ಮಾಡಬೇಕು ಎಂದು ಯಾರಾದರೂ ಕೇಳಿದರೆ ವೇಲ್ಸ್ ಕಡೆಗೆ ತೋರಿಸಿ.

ಜೆಪ್ಪುವಿನ ಸಭಿಕ

ಮೇಲಿನ ಮಾಹಿತಿಗಾಗಿ ಕೃತಜ್ಞತೆಗಳು. ಆದರೂ ಭಿನ್ನಮತವನ್ನು ಹೇಳಲೇಬೇಕಾಗಿದೆ. ನನ್ನ ಇಬ್ಬರು ಮಕ್ಕಳು ಈಗ ಭಾನುವಾರ ಶಾಲೆಗೆ ಹೋಗುತ್ತಿರುವುದರಿಂದ ಇದು ನನ್ನ ಪಾಲಿಗೆ ಮನೆಯ ವಿಷಯ.

ರೇಕ್ಸ್ ಅವರ ಮಕ್ಕಳಿಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ. ನಮ್ಮ ಮಕ್ಕಳಿಗೆ ಒಂದು ಲಿಪಿ ಚೆನ್ನಾಗಿಯೇ ಬರುತ್ತದೆ, ಆ ಲಿಪಿಯಲ್ಲಿ ಬೈಬಲ್ಲೂ ಇದೆ. ಹಾಗಿರುವಾಗ ವಾರಕ್ಕೊಮ್ಮೆ ಸಿಗುವ ಒಂದು ಗಂಟೆಯಲ್ಲಿ ಕಾಲು ಭಾಗವನ್ನು ಕಾಗುಣಿತಕ್ಕೆ ಕೊಟ್ಟರೆ ಕಳೆದುಕೊಳ್ಳುವುದು ಏನನ್ನು ಎಂಬುದನ್ನೂ ಲೆಕ್ಕ ಹಾಕಬೇಕು. ಕಥೆ, ಹಾಡು, ಪ್ರಾರ್ಥನೆ, ಮಗುವಿನ ಮನಸ್ಸಿನಲ್ಲಿರುವ ಪ್ರಶ್ನೆಗೆ ಕಿವಿಗೊಡುವುದು, ಇವುಗಳಿಗೆ ಆ ಒಂದು ಗಂಟೆಯೇ ಸಾಲದು. ವಾರವಿಡೀ ಪರೀಕ್ಷೆ, ಅಂಕ, ಟ್ಯೂಷನ್ ಎಂದು ದಣಿದ ಮಗು ಆದಿತ್ಯವಾರವೂ ಕರಿಹಲಗೆಯ ಮುಂದೆ ತಪ್ಪು ಓದಿ ತಲೆ ತಗ್ಗಿಸಬೇಕಾದರೆ, ದೇವಾಲಯದ ನೆನಪು ಅದರ ಮನಸ್ಸಿನಲ್ಲಿ ಹೇಗೆ ಉಳಿದೀತು?

ಇನ್ನೊಂದು ಮಾತು. ಜನರಿಗೆ ತಿಳಿಯುವ ಭಾಷೆಯಲ್ಲಿ ವಾಕ್ಯವನ್ನು ಕೊಡಬೇಕೆಂಬುದೇ ಪ್ರೊಟೆಸ್ಟಂಟ್ ಸಭೆಗಳ ಮೂಲ ತತ್ತ್ವ. ಸ್ವಿಟ್ಜರ್ಲೆಂಡಿನಿಂದ ನಮ್ಮ ಕರಾವಳಿಗೆ ಬಂದ ಬಾಸೆಲ್ ಮಿಷನ್ನಿನವರೂ ಅದನ್ನೇ ಅನುಸರಿಸಿದರು. ಕನ್ನಡದಲ್ಲಿ ಬೈಬಲ್ ಆಗಲೇ ಇದ್ದರೂ, ಇಲ್ಲಿನ ಜನರ ಮಾತು ತುಳು ಎಂಬುದನ್ನು ಕಂಡು ತುಳುವಿನಲ್ಲಿ ಹೊಸ ಒಡಂಬಡಿಕೆಯನ್ನು 1847ರಲ್ಲಿ ಮಂಗಳೂರಿನಲ್ಲಿಯೇ ಅಚ್ಚು ಹಾಕಿಸಿದರು. ಅವರು ಕನ್ನಡಕ್ಕೇ ಅಂಟಿಕೊಳ್ಳಲಿಲ್ಲ. ನಾವು ಮಾತ್ರ ಏಕೆ ಅಂಟಿಕೊಳ್ಳಬೇಕು? ಮಗುವಿನ ಹೃದಯಕ್ಕೆ ಹತ್ತಿರವಾಗಿರುವುದು ತುಳುವಾದರೆ ತುಳುವಿನಲ್ಲಿ ಹೇಳೋಣ, ಓದಲು ಸುಲಭವಾದದ್ದು ಇಂಗ್ಲಿಷಾದರೆ ಇಂಗ್ಲಿಷಿನಲ್ಲಿ ಓದಲಿ. ಕನ್ನಡದ ಉಳಿವು ದೊಡ್ಡ ವಿಷಯ, ನಿಜ. ಆದರೆ ಅದು ಭಾನುವಾರ ಶಾಲೆಯ ಹೊಣೆಯೇ ಎಂಬುದು ನನ್ನ ಪ್ರಶ್ನೆ.

ಮಂಗಳೂರಿನ ದೊತೊರ್ನ್ ಶಿಕ್ಷಕಿ

ನಾನು ಕಥೊಲಿಕ್ ಸಭೆಯವಳು. ನಮ್ಮ ಧರ್ಮಕೇಂದ್ರದಲ್ಲಿ ಬಲಿಪೂಜೆಯ ನಂತರ ನಡೆಯುವ ಧರ್ಮೋಪದೇಶದ ತರಗತಿಗಳನ್ನು ನಾವು ಕೊಂಕಣಿಯಲ್ಲಿ ದೊತೊರ್ನ್ ಎಂದು ಕರೆಯುತ್ತಾ ಬಂದಿದ್ದೇವೆ. ಈ ಚರ್ಚೆಯಲ್ಲಿ ನಮ್ಮ ಕಡೆಯ ಇತಿಹಾಸವೂ ಸೇರಲಿ ಎಂದು ಬರೆಯುತ್ತಿದ್ದೇನೆ.

ಆದಿತ್ಯವಾರ ಮಕ್ಕಳನ್ನು ಕೂಡಿಸಿ ಕಲಿಸುವ ಪದ್ಧತಿ ರೇಕ್ಸ್ ಅವರಿಗಿಂತ ಎರಡು ಶತಮಾನಗಳಿಗೂ ಹೆಚ್ಚು ಹಳೆಯದು. 1536ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಾಸ್ತೆಲ್ಲಿನೊ ದ ಕಾಸ್ತೆಲ್ಲೊ ಎಂಬ ಧರ್ಮಗುರು ಕ್ರೈಸ್ತ ಸಿದ್ಧಾಂತದ ಶಾಲೆಗಳನ್ನು ಆರಂಭಿಸಿದರು. ಅವು ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ನಡೆಯುತ್ತಿದ್ದವು, ಜಪಗಳ ಜೊತೆಗೆ ಓದು ಬರಹವನ್ನೂ ಕಲಿಸುತ್ತಿದ್ದವು. 1563ರಲ್ಲಿ ಕಥೊಲಿಕ್ ಧರ್ಮಾಧ್ಯಕ್ಷರ ತ್ರೆಂತ್ ಮಹಾಸಭೆ, ಕನಿಷ್ಠ ಭಾನುವಾರ ಮತ್ತು ಹಬ್ಬಗಳಂದು ಪ್ರತಿ ಧರ್ಮಕೇಂದ್ರದಲ್ಲಿ ಮಕ್ಕಳಿಗೆ ವಿಶ್ವಾಸದ ಮೂಲಪಾಠ ಆಗಲೇಬೇಕೆಂದು ವಿಧಿಸಿತು. 1905ರಲ್ಲಿ ಪೋಪ್ ಹತ್ತನೇ ಪಿಯುಸ್ ಅವರು ಪ್ರತಿ ಭಾನುವಾರ ಒಂದು ಗಂಟೆಯ ಕಾಲ ಈ ಪಾಠ ನಡೆಯಬೇಕೆಂದು ಮತ್ತೆ ಒತ್ತಿ ಹೇಳಿದರು. ಐದು ವರ್ಷಗಳ ನಂತರ ಅವರೇ ಮೊದಲ ಪರಮಪ್ರಸಾದದ ವಯಸ್ಸನ್ನು ಸುಮಾರು 7 ವರ್ಷಕ್ಕೆ ಇಳಿಸಿದ್ದರಿಂದ, ಅದರ ತಯಾರಿಯ ತರಗತಿಗೆ ತೀರ ಚಿಕ್ಕ ಮಕ್ಕಳು ಬರತೊಡಗಿದರು.

ನಮ್ಮ ಪೂರ್ವಿಕರಲ್ಲಿ ಬಹುಪಾಲು ಜನ ಗೋವೆಯಿಂದ ಬಂದವರು. 1542ರಲ್ಲಿ ಗೋವೆಗೆ ಬಂದಿಳಿದ ಸಂತ ಫ್ರಾನ್ಸಿಸ್ ಜೇವಿಯರ್ ಅವರು ಬೀದಿಗಳಲ್ಲಿ ಗಂಟೆ ಬಾರಿಸುತ್ತಾ ನಡೆದು ಮಕ್ಕಳನ್ನು ಒಟ್ಟುಗೂಡಿಸಿ, ಜಪಗಳನ್ನು ರಾಗವಾಗಿ ಹಾಡಿಸಿ ಕಲಿಸುತ್ತಿದ್ದರು. ನನ್ನ ಅಜ್ಜಿಗೆ ಓದಲು ಬರುತ್ತಿರಲಿಲ್ಲ, ಆದರೆ ಜಪಗಳೂ ಹತ್ತು ಕಟ್ಟಳೆಗಳೂ ಒಂದಕ್ಷರ ತಪ್ಪದೆ ಬಾಯಿಗೆ ಬರುತ್ತಿದ್ದವು. ಹಾಗಾಗಿ ಅಕ್ಷರವಿಲ್ಲದೆಯೂ ವಿಶ್ವಾಸ ದಾಟಿ ಬರುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ. ಈ ಮಟ್ಟಿಗೆ ಜೆಪ್ಪುವಿನ ಸಹೋದರರ ಮಾತು ಸರಿ.

ಆದರೆ ಅವರು ಗಮನಿಸದ ಒಂದು ಸಂಗತಿ ಇದೆ. ನಮ್ಮ ಕೊಂಕಣಿಗೆ ಗೋವೆಯಲ್ಲಿ ದೇವನಾಗರಿ ಮತ್ತು ರೋಮಿ (ಇಂಗ್ಲಿಷ್ ಅಕ್ಷರದ) ಲಿಪಿಗಳಿದ್ದರೂ, ಮಂಗಳೂರು ಮತ್ತು ಉಡುಪಿಯಲ್ಲಿ ನಾವು ಅದನ್ನು ಬರೆಯುವುದು ಕನ್ನಡ ಅಕ್ಷರಗಳಲ್ಲಿ. ನಮ್ಮ ಪೂಜಾಗ್ರಂಥ, ಕಂತಾರಗಳ (ಹಾಡುಗಳ) ಪುಸ್ತಕ, 1938ರಿಂದ ಹೊರಡುತ್ತಿರುವ ರಾಕ್ಣೊ ವಾರಪತ್ರಿಕೆ ಎಲ್ಲವೂ ಕನ್ನಡ ಲಿಪಿಯಲ್ಲಿಯೇ ಇವೆ. ಅವರು ಹೆಸರಿಸಿದ ತುಳು ಹೊಸ ಒಡಂಬಡಿಕೆ ಅಚ್ಚಾದದ್ದೂ ಕನ್ನಡ ಅಕ್ಷರಗಳಲ್ಲಿಯೇ ಅಲ್ಲವೇ? ಹಾಗಿದ್ದರೆ ಕನ್ನಡ ಅಕ್ಷರ ಬಾರದ ಮಗುವಿಗೆ ಕನ್ನಡ ಬೈಬಲ್ ಒಂದೇ ಮುಚ್ಚಿಹೋಗುವುದಿಲ್ಲ. ತುಳುವಿನ ಹಾಡೂ ಮುಚ್ಚಿಹೋಗುತ್ತದೆ, ಕೊಂಕಣಿಯ ಕಂತಾರವೂ ಮುಚ್ಚಿಹೋಗುತ್ತದೆ. ತುಳುವಿನಲ್ಲಿ ಹೇಳೋಣ ಎನ್ನುವವರೇ ಕನ್ನಡ ಅಕ್ಷರವನ್ನು ಮೊದಲು ಕಲಿಸಬೇಕಾಗುತ್ತದೆ. ನಮ್ಮ ದೊತೊರ್ನ್ ತರಗತಿಯಲ್ಲಿ ಮನೆಯಲ್ಲಿ ಸ್ವಚ್ಛ ಕೊಂಕಣಿ ಮಾತನಾಡುವ ಮಕ್ಕಳೇ ಪುಸ್ತಕ ಕೈಗಿತ್ತಾಗ ಸುಮ್ಮನಾಗುತ್ತಾರೆ. ಅವರಿಗೆ ಭಾಷೆ ಗೊತ್ತಿದೆ, ಗೊತ್ತಿಲ್ಲದಿರುವುದು ಅಕ್ಷರ ಮಾತ್ರ.

ಈ ಕಾರಣದಿಂದ ಇದನ್ನು ಕನ್ನಡ ಭಾಷೆಯ ಉಳಿವಿನ ಪ್ರಶ್ನೆಯಾಗಿ ಮಾತ್ರ ನೋಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಅಜ್ಜಿಯ ಪಕ್ಕದಲ್ಲಿ ಕುಳಿತ ಮೊಮ್ಮಗು ಅದೇ ಪುಸ್ತಕದಿಂದ ಅದೇ ಹಾಡನ್ನು ಹಾಡಬಲ್ಲದೇ ಎಂಬುದು ಇಲ್ಲಿನ ಪ್ರಶ್ನೆ.

ಮುಲ್ಕಿಯ ನಿವೃತ್ತ ಮಾಸ್ಟ್ರು

ನಾನು ಪ್ರಾಥಮಿಕ ಶಾಲೆಯಲ್ಲಿ 34 ವರ್ಷ, ಭಾನುವಾರ ಶಾಲೆಯಲ್ಲಿ ಅದಕ್ಕಿಂತ ಹೆಚ್ಚು ವರ್ಷ ಕಲಿಸಿದವನು. ನಮ್ಮ ಜಿಲ್ಲೆಯ ಕಥೆಯನ್ನು ಯಾರೂ ಪೂರ್ತಿ ಹೇಳಿಲ್ಲವಾದ್ದರಿಂದ ಅದನ್ನು ಸ್ವಲ್ಪ ಬರೆದು, ಆಮೇಲೆ ಕಲಿಸುವ ವಿಧಾನಕ್ಕೆ ಬರುತ್ತೇನೆ.

ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರು ಬಂದ ಎರಡೇ ವರ್ಷಗಳಲ್ಲಿ, 1836ರಲ್ಲಿ, ಕನ್ನಡ ಶಾಲೆಯನ್ನು ತೆರೆದರು. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಬಂತು. ಮುಂದೆ ಮುಲ್ಕಿ, ಉಡುಪಿ ಮೊದಲಾದ ಕಡೆಗಳಿಗೆ ಮಿಷನ್ ಹಬ್ಬಿದಂತೆ ಶಾಲೆಗಳೂ ಹಬ್ಬಿದವು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭವಾಗುವ ಹೊತ್ತಿಗೆ ಸಭೆಯ ಮಕ್ಕಳಿಗೆ ವಾರದ ದಿನಗಳ ಶಾಲೆ ಆಗಲೇ ಇತ್ತು. ಇಂಗ್ಲೆಂಡಿನಲ್ಲಿ ಭಾನುವಾರ ಶಾಲೆ ಮೊದಲು, ವಾರದ ಶಾಲೆ ಆಮೇಲೆ. ನಮ್ಮಲ್ಲಿ ಹಾಗಲ್ಲ. ಅಕ್ಷರದ ಕೆಲಸವನ್ನು ಮಿಷನ್ ಶಾಲೆ ವಾರದ ದಿನಗಳಲ್ಲಿಯೇ ಮುಗಿಸಿ ಕಳುಹಿಸುತ್ತಿದ್ದುದರಿಂದ ನಮ್ಮ ಭಾನುವಾರ ಶಾಲೆಗೆ ಅದನ್ನು ಹೊರುವ ಅಗತ್ಯವೇ ಬೀಳಲಿಲ್ಲ.

ಬಾಸೆಲ್ ಮಿಷನರಿಗಳಲ್ಲಿ ಬಹಳ ಮಂದಿ ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತದವರು. ಅಲ್ಲಿ ಮಕ್ಕಳನ್ನು ಭಾನುವಾರ ದೇವಾಲಯದಲ್ಲಿ ಕೂರಿಸಿ ಪ್ರಶ್ನೋತ್ತರ ಪಾಠ ಹೇಳಿಕೊಟ್ಟು, ಸ್ಥಿರೀಕರಣಕ್ಕೆ (ಬೆಳೆದ ಮಗು ತನ್ನ ವಿಶ್ವಾಸವನ್ನು ಸಭೆಯ ಮುಂದೆ ದೃಢಪಡಿಸುವ ವಿಧಿಗೆ) ಸಿದ್ಧಪಡಿಸುವ ಹಳೆಯ ಪದ್ಧತಿ ಇತ್ತು. ನಾವು ಕಂಡ ಭಾನುವಾರ ಶಾಲೆಯಲ್ಲಿ ಆ ಜರ್ಮನ್ ಪದ್ಧತಿಯ ಗುರುತು ಎದ್ದು ಕಾಣುತ್ತಿತ್ತು. ಪ್ರಶ್ನೆ, ಉತ್ತರ, ಬಾಯಿಪಾಠ, ಹಾಡು. ನನ್ನ ಬಾಲ್ಯದಲ್ಲಿ ಹಾಜರಿಗೆ ಒಂದು ಚಿತ್ರದ ಚೀಟಿ ಸಿಗುತ್ತಿತ್ತು, ಅದರ ಹಿಂದೆ ಅಚ್ಚಾಗಿದ್ದ ವಚನವನ್ನು ಮುಂದಿನ ವಾರ ಒಪ್ಪಿಸಬೇಕಿತ್ತು. ಯಾರೂ ನಮಗೆ ಓದು ಬರುತ್ತದೆಯೇ ಎಂದು ಕೇಳುತ್ತಿರಲಿಲ್ಲ, ಬರುತ್ತದೆ ಎಂದೇ ತಿಳಿದಿದ್ದರು.

ಟೀಚರಮ್ಮ, ನಿಮ್ಮ ಸಮಿತಿಯ ಹಿರಿಯರು ಬೆಳೆದದ್ದು ಇದೇ ಕಾಲದಲ್ಲಿ ಇರಬೇಕು. ‘ಅಕ್ಷರ ಕಲಿಸಲು ಬೇರೆ ಶಾಲೆಗಳಿವೆ’ ಎಂಬುದು ಅವರ ಬಾಲ್ಯದಲ್ಲಿ ಸತ್ಯವಾಗಿತ್ತು. ಅವರೊಡನೆ ವಾದಿಸುವ ಬದಲು, ಆ ಬೇರೆ ಶಾಲೆ ಈಗ ಆ ಕೆಲಸವನ್ನು ಎಷ್ಟರಮಟ್ಟಿಗೆ ಮಾಡುತ್ತಿದೆ ಎಂಬುದನ್ನು ತೋರಿಸಿಕೊಡಿ. ಆ ಕ್ರಿಸ್ಮಸ್ ಚೀಟಿಯನ್ನು ಹುಡುಗಿಯ ಹೆಸರು ಹೇಳದೆ ಅವರ ಕೈಗೆ ಕೊಡಿ, ಸಾಕು.

ಇನ್ನು ವಿಧಾನ. ಜೆಪ್ಪುವಿನವರ ಭಯವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅ ಆ ಇ ಈ ಎಂದು ಮೊದಲಿನಿಂದ ತಿದ್ದಿಸಲು ಹೊರಟರೆ ಅದು ಖಂಡಿತ ಟ್ಯೂಷನ್ ಆಗುತ್ತದೆ, ಆರನೇ ತರಗತಿಯ ಮಗುವಿಗೆ ಅವಮಾನವೂ ಆಗುತ್ತದೆ. ವರ್ಣಮಾಲೆಯಿಂದ ಆರಂಭಿಸಬೇಡಿ, ಮಗುವಿಗೆ ಬಾಯಿಗೆ ಬರುವ ವಾಕ್ಯದಿಂದ ಆರಂಭಿಸಿ. 23ನೇ ಕೀರ್ತನೆ ನಿಮ್ಮ ಮಕ್ಕಳಿಗೆ ಬಾಯಿಪಾಠ ಇದ್ದೇ ಇರುತ್ತದೆ. ಅದರ ಮೊದಲ ವಚನವನ್ನು ಹಲಗೆಯ ಮೇಲೆ ದೊಡ್ಡದಾಗಿ ಬರೆಯಿರಿ. ಎಲ್ಲರೂ ಒಟ್ಟಿಗೆ ಹೇಳಲಿ, ನೀವು ಕೋಲಿನಿಂದ ಒಂದೊಂದೇ ಪದವನ್ನು ಮುಟ್ಟುತ್ತಾ ಹೋಗಿ. ಮೂರನೇ ಸಲಕ್ಕೆ ಒಂದು ಮಗುವನ್ನು ಕರೆದು ಕೋಲನ್ನು ಅದರ ಕೈಗೆ ಕೊಡಿ. ‘ಕುರುಬನು’ ಎಂಬ ಪದ ಎಲ್ಲಿದೆ ಎಂದು ಕೇಳಿ. ಕಂಡುಹಿಡಿದ ಮೇಲೆ ಅದರಲ್ಲಿ ‘ಕು’ ಮತ್ತು ‘ರು’ ಎರಡಕ್ಕೂ ಒಂದೇ ಉಕಾರದ ಕೊಂಬು ಇರುವುದನ್ನು ತೋರಿಸಿ. ಮಗು ಇಲ್ಲಿ ತಪ್ಪು ಓದಲಾರದು, ಏಕೆಂದರೆ ವಾಕ್ಯ ಅದಕ್ಕೆ ಮೊದಲೇ ಗೊತ್ತಿದೆ. ಗೊತ್ತಿರುವ ಶಬ್ದಕ್ಕೆ ಗೊತ್ತಿಲ್ಲದ ಗುರುತನ್ನು ಜೋಡಿಸುವುದಷ್ಟೇ ಕೆಲಸ.

ಒತ್ತಕ್ಷರಗಳನ್ನು ಹಾಡಿನ ಪುಸ್ತಕದಿಂದ ಕಲಿಸಿ. ಹಾಡು ನಿಧಾನವಾಗಿ ಸಾಗುವುದರಿಂದ ಕಣ್ಣಿಗೆ ಸಮಯ ಸಿಗುತ್ತದೆ. ‘ಸ್ತೋತ್ರ’ ಎಂಬ ಒಂದೇ ಪದದಲ್ಲಿ ಎರಡು ಒತ್ತಕ್ಷರಗಳಿವೆ, ಅದು ಬಾರದ ಹಾಡು ಕಡಿಮೆ. ಬರವಣಿಗೆಯನ್ನು ಮೊದಲ ಆರು ತಿಂಗಳು ಮುಟ್ಟಬೇಡಿ. ಹ್ಯಾನಾ ಮೋರ್ ಅವರ ಕಾರಣಕ್ಕಲ್ಲ, ಮಕ್ಕಳ ಬೆರಳು ದಣಿಯದಿರಲಿ ಎಂಬ ಕಾರಣಕ್ಕೆ. ಅಂಕ ಬೇಡ, ಬಹುಮಾನ ಬೇಡ, ಯಾರು ಹಿಂದೆ ಯಾರು ಮುಂದೆ ಎಂಬ ಪಟ್ಟಿಯಂತೂ ಬೇಡವೇ ಬೇಡ. ಹೀಗೆ ಮಾಡಿದರೆ ನಿಮ್ಮ 15 ನಿಮಿಷ ಪಾಠದಿಂದ ಕಳೆದುಹೋದ 15 ನಿಮಿಷವಾಗುವುದಿಲ್ಲ. ಅದೇ ಕೀರ್ತನೆಯೊಡನೆ ಮಕ್ಕಳು ಇನ್ನೂ 15 ನಿಮಿಷ ಕುಳಿತಂತಾಗುತ್ತದೆ, ಅಷ್ಟೇ.

ಜೆಪ್ಪುವಿನ ಸಭಿಕ

ಮಾಸ್ಟ್ರೇ, ನೀವು ಹೇಳಿದ ಕ್ರಮದಲ್ಲಾದರೆ ನನ್ನ ಆಕ್ಷೇಪಣೆಯ ಅರ್ಧವನ್ನು ಹಿಂದೆಗೆದುಕೊಳ್ಳುತ್ತೇನೆ. ತುಳುವಿನ ಲಿಪಿಯ ವಿಷಯದಲ್ಲಿ ದೊತೊರ್ನ್ ಶಿಕ್ಷಕಿಯವರು ಹೇಳಿದ್ದನ್ನೂ ಒಪ್ಪಬೇಕಾಗಿದೆ, ಅದು ನನಗೆ ಹೊಳೆದಿರಲಿಲ್ಲ. ಉಳಿದ ಅರ್ಧ ಹಾಗೆಯೇ ಇದೆ. ಕಥೆಯನ್ನು ಹೇಳುವುದು ಮತ್ತು ಮಕ್ಕಳೊಡನೆ ಮಾತನಾಡುವುದು ಮಾತ್ರ ಅವರಿಗೆ ಸಲೀಸಾದ ಭಾಷೆಯಲ್ಲಿಯೇ ಇರಲಿ. ಓದು ಬಾರದ ಮಗುವಿಗಿಂತ, ಅರ್ಥವಾಗದೆ ತಲೆಯಾಡಿಸುವ ಮಗುವಿನ ಬಗ್ಗೆ ನನಗೆ ಹೆಚ್ಚು ಚಿಂತೆ.

ಉಡುಪಿಯ ಶಿಕ್ಷಕಿ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ನಿನ್ನೆ ಸಮಿತಿ ಸೇರಿತ್ತು. ಮಾಸ್ಟ್ರು ಹೇಳಿದಂತೆ ಆ ಚೀಟಿಯನ್ನು ಹಿರಿಯರ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ‘ಇದನ್ನು ನನಗೆ ಓದಲು ಆಗುವುದಿಲ್ಲವಲ್ಲ’ ಎಂದರು. ಇಂಗ್ಲಿಷ್ ಬಲ್ಲವರೇ ಆದರೂ ಆ ಲಿಪಿಯಲ್ಲಿ ಕನ್ನಡವನ್ನು ಓದುವುದು ಅವರಿಗೆ ಸಾಧ್ಯವಾಗಲಿಲ್ಲ. ಆಮೇಲೆ ಹೆಚ್ಚು ಚರ್ಚೆ ನಡೆಯಲಿಲ್ಲ. ವೇಲ್ಸ್ ಕಥೆಯನ್ನು ಹೇಳಿದಾಗ ಸಭಾಪಾಲಕರು ಅದನ್ನು ಬರೆದುಕೊಂಡರು.

ಆರು ತಿಂಗಳು ನಡೆಸಿ ನೋಡಬಹುದು ಎಂದು ಒಪ್ಪಿಗೆ ಸಿಕ್ಕಿದೆ. ಕಥೆಯನ್ನು ಈಗಿರುವಂತೆ ತುಳು ಮತ್ತು ಕನ್ನಡ ಬೆರೆಸಿಯೇ ಹೇಳುತ್ತೇನೆ, ಬೇಕಾದಲ್ಲಿ ಇಂಗ್ಲಿಷಿನಲ್ಲೂ ವಿವರಿಸುತ್ತೇನೆ. ಮೊದಲ ಪಾಠ 23ನೇ ಕೀರ್ತನೆ.

ಮಾಸ್ಟ್ರೇ, ನಿಮ್ಮಲ್ಲಿ ಇನ್ನೊಂದು ಪ್ರಶ್ನೆ ಇದೆ. ಮುಂಬಯಿಯಲ್ಲಿ ಹುಟ್ಟಿ ಬೆಳೆದು ಇಲ್ಲಿಗೆ ಮದುವೆಯಾಗಿ ಬಂದ ಇಬ್ಬರು ತಾಯಂದಿರು ತಮಗೂ ಕನ್ನಡ ಓದಲು ಬರುವುದಿಲ್ಲ, ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಬಹುದೇ ಎಂದು ಕೇಳಿದ್ದಾರೆ. ಕೋಲನ್ನು ಅವರ ಕೈಗೂ ಕೊಡಬೇಕೇ, ಅಥವಾ ಮಕ್ಕಳ ಮುಂದೆ ಅವರಿಗೆ ಸಂಕೋಚವಾಗದಂತೆ ಬೇರೆ ಹೊತ್ತಿನಲ್ಲಿ ಕಲಿಸಬೇಕೇ?

ಮುಲ್ಕಿಯ ನಿವೃತ್ತ ಮಾಸ್ಟ್ರು

ಮಕ್ಕಳ ಜೊತೆಗೇ ಕೂರಿಸಿ. ಕೋಲನ್ನು ಅವರಿಗೆ ನೀವು ಕೊಡಬೇಡಿ, ಅವರವರ ಮಕ್ಕಳ ಕೈಯಿಂದ ಕೊಡಿಸಿ.